ತೊಳೆದುಬಿಟ್ಟ ಫ್ಲಾಸ್ಕುಗಳು

ಜರ್ಮನಿಯ ರೂರ್ ನದಿಯ ದಂಡೆಯ ಮ್ಯೂಲ್‌ಹೈಮ್‌ಗೆ ಬಂದ ಮೊದಲ ವಾರ 'ಸೋಡಿಯಂ ಎಲ್ಲಿಟ್ಟಿದ್ದೀರಿ?' ಎಂದು ಕೇಳಿದಾಗ ಪ್ರಯೋಗಾಲಯದ ಹುಡುಗರು ನಕ್ಕಿದ್ದರು. ಇಲ್ಲಿ ನಲ್ಲಿ ತಿರುಗಿಸಿದರೆ ನೀರಿನಂಶ ತೆಗೆದ ಒಣ ದ್ರಾವಕ ಬರುತ್ತದೆ. ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುವಾಗ ಬೆಳಿಗ್ಗೆ ನನ್ನ ಮೊದಲ ಕೆಲಸವೇ ಟಿಎಚ್‌ಎಫ್ ದ್ರಾವಕವನ್ನು ಸೋಡಿಯಂ, ಬೆಂಜೋಫಿನೋನ್ ಜೊತೆ ಕುದಿಯಲಿಟ್ಟು ಅದು ಶಾಯಿಯಂತೆ ನೀಲಿಯಾಗುವುದನ್ನು ಕಾಯುವುದು. ನೀಲಿ ಬಂತೆಂದರೆ ನೀರೂ ಇಲ್ಲ, ಆಮ್ಲಜನಕವೂ ಇಲ್ಲ. ಮಳೆಗಾಲದಲ್ಲಿ ಮಧ್ಯಾಹ್ನವಾದರೂ ಅದು ಬರುತ್ತಿರಲಿಲ್ಲ. ಆ ಕಾಯುವಿಕೆ ವ್ಯರ್ಥವೆಂದು ನನಗೆ ಅನಿಸುವುದಿಲ್ಲ. ಲೋಹಕ್ಕೆ ಇಂಗಾಲವನ್ನು ಬೆಸೆಯುವ ನಮ್ಮ ವಿದ್ಯೆಯಲ್ಲಿ ಗಾಳಿಯನ್ನು ಹೊರಗಿಡುವುದೇ ಅರ್ಧ ಕೆಲಸ, ಅದನ್ನು ಕೈಗೆ ಕಲಿಸಿದ್ದು ಆ ನೀಲಿ.

ಹಾಗಾಗಿ, ನಮ್ಮ ಪ್ರಯೋಗಾಲಯಗಳು ಹಿಂದುಳಿದಿರುವುದು ಉಪಕರಣಗಳ ಬಡತನದಿಂದ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ವ್ಯತ್ಯಾಸ ಇರುವುದು ಕೆಟ್ಟುಹೋದ ಪ್ರಯೋಗವನ್ನು ಏನು ಮಾಡುತ್ತೇವೆ ಎಂಬುದರಲ್ಲಿ. ನಾವು ಅದನ್ನು ಸುರಿದು, ಫ್ಲಾಸ್ಕನ್ನು ಕ್ಷಾರದಲ್ಲಿ ಅದ್ದಿ, ಮುಂದಿನದಕ್ಕೆ ಹೋಗುತ್ತಿದ್ದೆವು. ಶನಿವಾರದ ಸಭೆಯಲ್ಲಿ ಕೇಳುತ್ತಿದ್ದುದು ಒಂದೇ: ಇಳುವರಿ ಎಷ್ಟು? ನನ್ನ ಹಳೆಯ ನೋಟುಪುಸ್ತಕದ ಪುಟಪುಟದಲ್ಲೂ 'ಆಗಲಿಲ್ಲ' ಎಂಬ ಒಂದೇ ಪದವಿದೆ. ಏನಾಗಲಿಲ್ಲ, ಅದರ ಬದಲು ಏನಾಯಿತು ಎಂಬುದಿಲ್ಲ. ಇಲ್ಲಿ ನನ್ನ ಮೊದಲ ಕಪ್ಪು ರಾಡಿಯನ್ನು ಚೆಲ್ಲಲು ಹೊರಟಾಗ ಹಿರಿಯ ಸಹೋದ್ಯೋಗಿ ತಡೆದು, 'ಇದರ ಎನ್‌ಎಂಆರ್ ತೆಗೆದೆಯಾ?' ಎಂದರು. ಅಣುಗಳ ರಚನೆಯನ್ನು ತೋರಿಸುವ ಪರೀಕ್ಷೆ ಅದು.

ಈ ಊರಿಗೆ ಆ ಚಾಳಿ ಸುಮ್ಮನೆ ಬಂದದ್ದಲ್ಲ. ಕಾರ್ಲ್ ಝೀಗ್ಲರ್ ಇಲ್ಲಿನ ಕಲ್ಲಿದ್ದಲು ಸಂಶೋಧನಾ ಸಂಸ್ಥೆಯಲ್ಲಿ ಅಲ್ಯುಮಿನಿಯಂ ಸಂಯುಕ್ತಗಳ ಮೇಲೆ ಎಥಿಲೀನ್ ಅಣುಗಳನ್ನು ಪೋಣಿಸಿ ಉದ್ದ ಸರಪಳಿ ಬೆಳೆಸುತ್ತಿದ್ದರು. ಒಮ್ಮೆ ಸರಪಳಿ ಬೆಳೆಯಲೇ ಇಲ್ಲ. ಎರಡೇ ಎಥಿಲೀನ್ ಕೂಡಿ ಬ್ಯುಟೀನ್ ಆಗಿ ನಿಂತುಬಿಟ್ಟಿತು. ನಾನಾಗಿದ್ದರೆ 'ಆಗಲಿಲ್ಲ' ಎಂದು ಬರೆದು ಮನೆಗೆ ಹೋಗುತ್ತಿದ್ದೆ. ಅವರು ಆ ಉಕ್ಕಿನ ಪಾತ್ರೆಯ ಬೆನ್ನುಹತ್ತಿದರು. ಅಂಟಿಕೊಂಡಿದ್ದ ನಿಕಲ್‌ನ ಕಣದಷ್ಟು ಕೊಳೆಯೇ ಕಾರಣವೆಂದು ತಿಳಿಯಿತು. ನಿಕಲ್ ಹೀಗೆ ಮಾಡಿದರೆ ಬೇರೆ ಲೋಹಗಳು ಏನು ಮಾಡಾವು ಎಂದು ಒಂದೊಂದನ್ನೇ ಪರೀಕ್ಷಿಸುತ್ತ ಹೋಗಿ 1953ರಲ್ಲಿ ಝಿರ್ಕೋನಿಯಂ, ಟೈಟಾನಿಯಂಗಳಿಗೆ ಬಂದರು. ಅಲ್ಲಿಯವರೆಗೆ ಸಾವಿರಕ್ಕೂ ಹೆಚ್ಚು ವಾತಾವರಣಗಳ ಒತ್ತಡ ಬೇಡುತ್ತಿದ್ದ ಪಾಲಿಎಥಿಲೀನ್ ಪ್ಲಾಸ್ಟಿಕ್, ಸಾಮಾನ್ಯ ಒತ್ತಡದಲ್ಲಿ ಗಾಜಿನ ಜಾಡಿಯೊಳಗೇ ತಯಾರಾಯಿತು. 1963ರಲ್ಲಿ ಇಟಲಿಯ ನಟ್ಟಾ ಜೊತೆ ನೊಬೆಲ್ ಬಂತು. ಅದೇ ಕೊಳೆ ನಿಕಲ್ಲನ್ನು ಹಿಡಿದು ಅದೇ ಸಂಸ್ಥೆಯ ಗುಂಥರ್ ವಿಲ್ಕೆ ತಮ್ಮ ವೃತ್ತಿಜೀವನವನ್ನೇ ಕಟ್ಟಿದರು. ಅವರ ಗುಂಪಿನಿಂದ ಬಂದ ಹಳದಿ ನಿಕಲ್ ಹರಳುಗಳು ಇಂದು ಗಾಳಿಯನ್ನು ಹೊರಗಿಡುವ ನನ್ನ ಗ್ಲೋವ್ ಬಾಕ್ಸಿನಲ್ಲೂ ಇವೆ.

ಜರ್ಮನಿಯಲ್ಲಿ ಎಲ್ಲರೂ ತಾಳ್ಮೆಯ ಮೂರ್ತಿಗಳು ಎಂದುಕೊಳ್ಳಬೇಡಿ. ಎರಡು ವರ್ಷದ ಗುತ್ತಿಗೆಯ ಮೇಲಿರುವ ಹುಡುಗ ಇಲ್ಲಿಯೂ ಪ್ರಬಂಧದ ಸಂಖ್ಯೆಯನ್ನೇ ಎಣಿಸುತ್ತಾನೆ.

ಕಳೆದ ವಾರ ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. ಎರಡು ಅಣುಗಳನ್ನು ಬೆಸೆಯುವ, ಹತ್ತು ಸಲ ಕೈಕೊಟ್ಟ ಜೋಡಣೆಯ ಕ್ರಿಯೆ ಹನ್ನೊಂದನೆಯ ಸಲ, ವೇಗವರ್ಧಕ ಲೋಹವಾದ ಪಲ್ಲಾಡಿಯಂ ಹಾಕಲು ಮರೆತಾಗ, ನಡೆದುಬಿಟ್ಟಿತಂತೆ. ಫ್ಲಾಸ್ಕ್ ಎಲ್ಲಿ ಎಂದೆ. ತೊಳೆದಾಗಿದೆ, ಕಲಕುವ ಮ್ಯಾಗ್ನೆಟ್ ಮಾತ್ರ ಇನ್ನೂ ಕಪ್ಪಗಿದೆ ಎಂದ. ಅದನ್ನು ಎತ್ತಿಡು, ಹೊಸ ಫ್ಲಾಸ್ಕಿಗೆ ಅದೇ ಮ್ಯಾಗ್ನೆಟ್ ಹಾಕಿ ಇನ್ನೊಮ್ಮೆ ನಡೆಸು ಎಂದೆ.