ಇಪ್ಪತ್ನಾಲ್ಕು ತಾಸಿನ ಲೆಕ್ಕ

ಮೊನ್ನೆ ಸಂಜೆ ಏಳರಿಂದ ರಾತ್ರಿ ಹತ್ತರವರೆಗೆ ಕಲಬುರಗಿಯ ಒಂದು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಓಣಿಯ ಹೆಣ್ಣುಮಗಳು. ಒಂಬತ್ತನೆಯ ತರಗತಿಯ ಮಗ ಬೆಳಿಗ್ಗೆ ಶಾಲೆಗೆಂದು ಹೊರಟವನು ಶಾಲೆಗೂ ಹೋಗಿಲ್ಲ, ಮನೆಗೂ ಬಂದಿಲ್ಲ. ಅವನ ಆಧಾರ್ ಜೆರಾಕ್ಸ್ ಮತ್ತು ಇದ್ದ ಒಂದೇ ಫೋಟೋವನ್ನು ತೊಳೆದ ಹಾಲಿನ ಪಾಕೀಟಿನಲ್ಲಿಟ್ಟು ಸೆರಗಿನ ಮರೆಯಲ್ಲಿ ಹಿಡಿದಿದ್ದಳು.

“ಯಕ್ಕಾ, ಇಪ್ಪತ್ನಾಲ್ಕ್ ತಾಸ್ ನೋಡ್ರಿ. ಹಸಿವಾದ್ರ ತಾನೇ ಬರ್ತಾನ,” ಎಂದರು ಮೇಜಿನ ಹಿಂದಿದ್ದವರು.

ಮೂವತ್ತು ವರ್ಷ ಮಕ್ಕಳ ನಡುವೆಯೇ ಬದುಕಿದ ನನಗೆ ಈ ಇಪ್ಪತ್ನಾಲ್ಕು ತಾಸು ಎಲ್ಲಿಂದ ಹುಟ್ಟಿತೆಂಬುದು ಇಂದಿಗೂ ತಿಳಿದಿಲ್ಲ. ಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಬಚ್‌ಪನ್ ಬಚಾವೋ ಆಂದೋಲನ ಎಂಬ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿಯೇ, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಅಪಹರಣವೋ ಸಾಗಾಟವೋ ನಡೆದಿರಬಹುದೆಂದು ಭಾವಿಸಿಯೇ ತನಿಖೆ ಆರಂಭಿಸಬೇಕು ಎಂದು ಹೇಳಿದೆ. ತಾನಾಗಿ ಓಡಿಹೋದದ್ದೋ ಅಲ್ಲವೋ ಎಂಬುದು ಆಮೇಲೆ ಗೊತ್ತಾಗುವ ಸಂಗತಿ. ಕಾನೂನಿನಲ್ಲಿ 24 ಗಂಟೆ ಎಂಬ ಮಾತು ಇರುವುದು ಬೇರೆ ಕಡೆ: 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಪೊಲೀಸರಿಗೆ ಹಾಕಿದ ಗಡುವನ್ನು ನಮ್ಮವರು ತಾಯಂದಿರಿಗೆ ವರ್ಗಾಯಿಸಿದ್ದಾರೆ, ಅಷ್ಟೆ.

ಇದನ್ನು ಹೇಳಿದ್ದಕ್ಕೆ, “ನೀವು ವಕೀಲರೇನ್ರಿ?” ಎಂಬ ಪ್ರಶ್ನೆ ಬಂತು. ಅಲ್ಲ, ಮಾಸ್ತರ ಎಂದೆ. “ಮತ್ತ ನೀವ್ಯಾಕ ಬಂದೀರಿ?”

ಪ್ರತಿ ಠಾಣೆಯಲ್ಲಿಯೂ ಸಹಾಯಕ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಆ ಅಧಿಕಾರಿ ಯಾರೆಂದು ಕೇಳಿದೆ. ಇಬ್ಬರು ಪರಸ್ಪರ ಮುಖ ನೋಡಿಕೊಂಡರು.

ಸಿಟ್ಟು ನೆತ್ತಿಗೇರಿದ್ದು ಮಾತ್ರ ಅದೇ ಹೊತ್ತಿಗೆ ಪಕ್ಕದ ಮೇಜಿನಲ್ಲಿ ನಡೆಯುತ್ತಿದ್ದುದನ್ನು ಕಂಡು. ಗಂಡನ ಮನೆಯವರು ಮೂರು ವರ್ಷದ ಕೂಸನ್ನು ಹುಮನಾಬಾದಿಗೆ ಒಯ್ದು ಕೊಡುತ್ತಿಲ್ಲವೆಂದು ಒಬ್ಬಳು ಬಂದಿದ್ದಳು. ಅಲ್ಲಿ ಯಾರೂ ಒಂದು ತಾಸೂ ಕಾಯಲಿಲ್ಲ. ಎರಡೂ ಕಡೆಯವರನ್ನು ಕೂಡಿಸಿ, ಚಹಾ ತರಿಸಿ, “ಕೂಸು ತಂದಿ ಕಡಿ ಇರ್ಲಿ, ನೀ ವಾರಕ್ಕೊಮ್ಮೆ ಹೋಗಿ ನೋಡು” ಎಂದು ತೀರ್ಪೇ ಕೊಟ್ಟುಬಿಟ್ಟರು. ಮಗು ಯಾರ ಬಳಿ ಇರಬೇಕೆಂದು ತೀರ್ಮಾನಿಸುವುದು ಕೌಟುಂಬಿಕ ನ್ಯಾಯಾಲಯದ ಕೆಲಸ. ಹಿಂದೂಗಳಿಗೆ ಅನ್ವಯಿಸುವ 1956ರ ಕಾಯ್ದೆಯಂತೆ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ತಂದೆಯೂ ಸಹಜ ಪಾಲಕನಾದ್ದರಿಂದ, ನ್ಯಾಯಾಲಯದ ಆದೇಶವಿಲ್ಲದಿರುವಾಗ ಅವನು ತನ್ನ ಮಗುವನ್ನು ಒಯ್ದದ್ದು ಸಾಮಾನ್ಯವಾಗಿ ಅಪಹರಣ ಎನಿಸಿಕೊಳ್ಳುವುದಿಲ್ಲ ಎಂಬುದು ನಿಜ. ಆದರೆ ಮಗುವಿಗೆ ಅಪಾಯವಿದ್ದರೆ, ಹೊಡೆತ ಬಡಿತ ನಡೆದಿದ್ದರೆ, ನ್ಯಾಯಾಲಯವೇ ಆದೇಶಿಸಿದ್ದರೆ ಪೊಲೀಸರು ಮುಂದೆ ಬರಬೇಕೇ ಹೊರತು ಚಹಾದ ಮೇಲೆ ಮಗುವನ್ನು ಹಂಚಬಾರದು. ತುರ್ತಿದ್ದರೆ, ಮಗುವನ್ನು ತಂದು ಹಾಜರುಪಡಿಸುವಂತೆ ಆದೇಶಿಸಲು ಹೈಕೋರ್ಟನ್ನು ಕೋರುವ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿಯಿದೆ, ಅದಕ್ಕೆ ಬೆಂಗಳೂರಿಗೂ ಹೋಗಬೇಕಿಲ್ಲ. ಹೈಕೋರ್ಟಿನ ಪೀಠ ನಮ್ಮೂರಿನಲ್ಲಿಯೇ ಇದೆ. ಇದನ್ನು ಆಕೆಗೆ ಅಲ್ಲಿ ಒಬ್ಬರೂ ಹೇಳಲಿಲ್ಲ.

ಸಿಬ್ಬಂದಿ ಕಡಿಮೆ, ಓಡಿಹೋದ ಹೆಚ್ಚಿನ ಹುಡುಗರು ತಾವಾಗಿಯೇ ಮರಳುತ್ತಾರೆ ಎಂದು ಕೆಲವು ಮಿತ್ರರು ವಾದಿಸಬಹುದು. ಪಂಚಾಯಿತಿ ನಡೆಸಲು ಸಿಬ್ಬಂದಿ ಇದ್ದರಲ್ಲ ಸ್ವಾಮಿ! ನಮ್ಮ ನಿಲ್ದಾಣದಲ್ಲಿ ರೈಲು ಹತ್ತಿದ ಹುಡುಗ ಎರಡು ತಾಸಿನಲ್ಲಿ ಸೋಲಾಪುರದಲ್ಲಿರುತ್ತಾನೆ, ರಾತ್ರಿ ಹತ್ತಿದರೆ ಬೆಳಗಾಗುವಷ್ಟರಲ್ಲಿ ಮುಂಬೈ ಮುಟ್ಟುತ್ತಾನೆ. ಮರಳಿ ಬರುವವರ ಲೆಕ್ಕ ಹಿಡಿದುಕೊಂಡು ಬಾರದವನನ್ನು ಹುಡುಕಲಾಗುವುದಿಲ್ಲ.

ಇಷ್ಟು ಬರೆಯುವ ಹಕ್ಕು ನನಗೆ ಪೂರ್ತಿ ಇಲ್ಲ. ಬಹಳ ವರ್ಷಗಳ ಹಿಂದೆ, ಹಳ್ಳಿಯ ಶಾಲೆಯಲ್ಲಿದ್ದಾಗ, ಮಗಳು ಕಾಣುತ್ತಿಲ್ಲವೆಂದು ನನ್ನ ಬಳಿ ಓಡಿ ಬಂದ ತಂದೆಗೆ, “ಬೀಗರ ಮನ್ಯಾಗ ಇರ್ತಾಳ, ನಾಳಿ ತನಕ ನೋಡು, ಸುಮ್ಮನ ಸುದ್ದಿ ಮಾಡಬ್ಯಾಡ” ಎಂದು ಬುದ್ಧಿ ಹೇಳಿ ಕಳಿಸಿದವನು ನಾನೇ. ಹನ್ನೊಂದು ದಿನದ ಮೇಲೆ ಪುಣೆಯಲ್ಲಿ ಸಿಕ್ಕಳು. ಮತ್ತೆ ಶಾಲೆಗೆ ಬರಲಿಲ್ಲ.

ಅದಕ್ಕೇ ಮೊನ್ನೆ ಬೆಂಚು ಬಿಟ್ಟು ಏಳಲಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದೆವು. ಹತ್ತಕ್ಕೆ ಎಫ್‌ಐಆರ್ ಆಯಿತು, ಪ್ರತಿಯೂ ಕೈಗೆ ಬಂತು. ಆ ಫೋಟೋ ರಾತ್ರಿಯೇ ರೈಲ್ವೆ ರಕ್ಷಣಾ ದಳದವರಿಗೂ ತಲುಪಿತು. ನಿನ್ನೆ ಬೆಳಿಗ್ಗೆ ಹುಡುಗ ವಾಡಿ ಜಂಕ್ಷನ್ನಿನಲ್ಲಿ ಸಿಕ್ಕ. ಮಧ್ಯಾಹ್ನ ಠಾಣೆಯಿಂದ ನನಗೊಂದು ಫೋನು: “ಮಾಸ್ತರ್, ನಾ ಹೇಳಿದ್ದಿಲ್ಲೇನ್ರಿ, ಇಪ್ಪತ್ನಾಲ್ಕ್ ತಾಸಿನಾಗ ಸಿಗ್ತಾನ ಅಂತ?”