ಹತ್ತು ನಿಮಿಷ ತಡವಾಗಿತ್ತು, ಅಷ್ಟೇ

ಮುಂಬಯಿಯಲ್ಲಿ ನಮ್ಮ ಪಕ್ಕದ ಮನೆಯ ಪಾರ್ಸಿ ಅಂಕಲ್ ಹೋಗಿಬಿಟ್ಟರು. ಇಪ್ಪತ್ತೆರಡು ವರ್ಷದ ಒಡನಾಟ. ಅವರ ಹೊಸ ವರ್ಷ ನವರೋಜ್‌ಗೆ ಅವರ ಮನೆಯಿಂದ ರವೋ ಬರುತ್ತಿತ್ತು, ನಮ್ಮ ಸಜ್ಜಿಗೆಗೆ ಹಾಲು ಜಾಸ್ತಿ ಹಾಕಿದ ಹಾಗಿರುತ್ತದೆ. ಯುಗಾದಿಗೆ ನಮ್ಮಿಂದ ಒಬ್ಬಟ್ಟು ಹೋಗುತ್ತಿತ್ತು. ಸುದ್ದಿ ಬಂದಾಗ ನಾನು ಪುಣೆಯಲ್ಲಿದ್ದೆ. ಹಾರ ಹಿಡಿದು, ಪಾರ್ಸಿಗಳ ಅಂತ್ಯಸಂಸ್ಕಾರ ನಡೆಯುವ ಮಲಬಾರ್ ಹಿಲ್‌ನ ಡುಂಗರ್‌ವಾಡಿಗೆ ಓಡಿದೆ. ಅವರ ಮಗ ಕೈ ಹಿಡಿದುಕೊಂಡು, "ಸ್ನಾನ ಆಗಿ ಪ್ರಾರ್ಥನೆ ಶುರುವಾಯ್ತು ಅಂಕಲ್. ಇನ್ನು ಪಾರ್ಸಿಗಳಲ್ಲದ ಬೇರೆಯವರು ಮುಖ ನೋಡೋ ಹಾಗಿಲ್ಲ" ಅಂದ.

ಬೇರೆಯವರು! ಚುರ್ ಅಂತು.

ಅಷ್ಟರಲ್ಲಿ ಒಂದು ನಾಯಿಯನ್ನು ಒಳಗೆ ಕರೆದುಕೊಂಡು ಹೋದರು. ಸಗ್‌ದೀದ್ ಅಂತಾರೆ, ಸತ್ತವರನ್ನು ನಾಯಿಗೆ ತೋರಿಸುವ ಶಾಸ್ತ್ರ. ಕಣ್ಣಿನ ಮೇಲೆ ಎರಡು ಚುಕ್ಕೆ ಇರುವ 'ನಾಲ್ಕು ಕಣ್ಣಿನ' ನಾಯಿಯೇ ಶ್ರೇಷ್ಠವಂತೆ. ಅದಕ್ಕಿರುವ ಭಾಗ್ಯ ನನಗಿಲ್ಲವಲ್ಲ ಅಂತ ಹೊಟ್ಟೆ ಉರಿಯಿತು. ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ನೆ ಹೊರಗೆ ಕೂತೆ.

ಆಮೇಲೆ ಹೊರಟರು. ಎಲ್ಲರದ್ದೂ ಬಿಳಿ ಬಟ್ಟೆ. ಇಬ್ಬಿಬ್ಬರು ಜೋಡಿಯಾಗಿ, ನಡುವೆ ಒಂದು ಕರವಸ್ತ್ರ ಹಿಡಿದು ನಡೆದರು. ಸದ್ದೇ ಇಲ್ಲ. ಬೆಂಕಿ, ನೀರು, ಮಣ್ಣಿಗೆ ಮೈಲಿಗೆಯಾಗಬಾರದು ಅಂತ ದೇಹವನ್ನು ದಖ್ಮಾ ಅನ್ನೋ ಸೂರಿಲ್ಲದ ದುಂಡು ಗೋಪುರದೊಳಗೆ ಕಲ್ಲಿನ ಮೇಲೆ ಬಿಡುತ್ತಾರೆ. ಹಿಂದೆ ರಣಹದ್ದುಗಳು ತಿಂದು ಬೇಗ ಮುಗಿಸುತ್ತಿದ್ದವು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಮದ್ದಿನಿಂದ, ಆ ದನಗಳ ಹೆಣ ತಿಂದ ಹದ್ದುಗಳೇ ಸತ್ತವು. 2006ರಲ್ಲಿ ದನಗಳಿಗೆ ಆ ಮದ್ದು ನಿಷೇಧವಾದರೂ ಮುಂಬಯಿಗೆ ಅವು ಮರಳಲಿಲ್ಲ. ಈಗ ದೇಹ ಬೇಗ ಒಣಗಲಿ ಅಂತ ಬಿಸಿಲನ್ನು ಒಂದು ಕಡೆ ಬೀಳಿಸುವ ಸಲಕರಣೆ ಇಟ್ಟಿದ್ದಾರೆ. ಇದು ಬೇಡ ಅನ್ನುವ ಪಾರ್ಸಿಗಳಿಗೆ 2015ರಿಂದ ವರ್ಲಿ ಚಿತಾಗಾರದಲ್ಲಿ ಪ್ರಾರ್ಥನಾ ಮಂದಿರವಿದೆ. ಅಲ್ಲಾಗಿದ್ದರೆ ನಾನೂ ಒಳಗೆ ಕೂರಬಹುದಿತ್ತು. ಅಂಕಲ್ ಹಳೇ ಪದ್ಧತಿಯೇ ಬೇಕು ಅಂದಿದ್ದರಂತೆ.

ನಮ್ಮಪ್ಪ ಹೋದಾಗ ಹಾಸನದ ಹತ್ತಿರದ ನಮ್ಮೂರಲ್ಲಿ ಜಗಲಿ ಮೇಲೆ ಕೂರಿಸಿದ್ದೆವು. ಹಾಲಿನವನು ಬಂದ, ಅಪ್ಪನ ಮೇಲೆ ಕೋರ್ಟಿಗೆ ಹೋಗಿದ್ದ ದಾಯಾದಿಯೂ ಬಂದ. ಬೆಳಗಿನ ಬಸ್ಸು ನಿಲ್ಲಿಸಿ ಕಂಡಕ್ಟರ್ ಇಳಿದು ಬಾಯಿಗೆ ಅಕ್ಕಿ ಹಾಕಿ, ಸೀಟಿ ಊದಿ ಹೋದ. ನೀನ್ಯಾರು ಅಂತ ಒಬ್ಬರೂ ಕೇಳಲಿಲ್ಲ. ಸಾವಿನ ಮನೆ ಅಂದರೆ ಹಾಗಿರಬೇಕಪ್ಪ. ಗದ್ದಲ ಇರಲಿ, ಬಾಗಿಲು ತೆಗೆದಿರಲಿ.

ಅವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿ ಇದನ್ನೇ ಹೇಳಿಕೊಂಡೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ರೂ ಅಕ್ಕಿ ಹಾಕಿದ್ರೇನೋ? ರಾತ್ರಿಯೆಲ್ಲ ತಮಟೆ ಬಡಿದು, ಬೆಳಗ್ಗೆ ಗುಂಡಿ ತೋಡಿದೋರು ಜಗಲಿ ಹತ್ತಿದ್ರಾ?" ಅಂದಳು.

ಹತ್ತಿರಲಿಲ್ಲ. ಅಂಗಳದಾಚೆ ನಿಂತು ಕತ್ತು ಉದ್ದ ಮಾಡಿ ನೋಡಿದ್ದರು. ಕಾಸು ಕೊಟ್ಟು ಕಳಿಸಿದವನು ನಾನೇ.