84 ಬಂತು ಅಂತ ಅಳುವ ನರ್ಸಿಂಗ್ ಮಕ್ಕಳಿಗೆ

ರಿಸಲ್ಟ್ ಬಂದ ವಾರ ವಾರ್ಡಿಗೆ ಪೋಸ್ಟಿಂಗ್ ಬರುವ ಬಿ.ಎಸ್ಸಿ ನರ್ಸಿಂಗ್ ಮಕ್ಕಳ ಮುಖ ನೋಡಿದರೆ ಸಾಕು, ಯಾರು ಅತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಫೇಲಾದವರು ಹೇಗೋ ಸುಧಾರಿಸಿಕೊಂಡು ಸಪ್ಲಿಗೆ ಫೀಸ್ ಎಷ್ಟು ಅಂತ ವಿಚಾರಿಸುತ್ತಿರುತ್ತಾರೆ. ಕಣ್ಣು ಊದಿಸಿಕೊಂಡು ಬರುವವರು 84 ತೆಗೆದವರು. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ 85ಕ್ಕೆ ಎಲ್ಲಕ್ಕಿಂತ ಮೇಲಿನ ಓ ಗ್ರೇಡ್, 84ಕ್ಕೆ ಎ ಪ್ಲಸ್. ಆ ಒಂದು ಮಾರ್ಕಿಗಾಗಿ ಊಟ ಬಿಟ್ಟವರನ್ನು ನೋಡಿದ್ದೇನೆ.

ನಾನು ಕಾಲೇಜಿನಲ್ಲಿ ಪಾಠ ಮಾಡುವವಳಲ್ಲ, ವಾರ್ಡಿನ ಸ್ಟಾಫ್ ನರ್ಸ್. ಹಾಗಾಗಿ ವಾರ್ಡಿನ ಕಡೆಯಿಂದಲೇ ಹೇಳುತ್ತೇನೆ. ಓದಬೇಡಿ ಅಂತ ಹೇಳುವ ಬರಹ ಇದಲ್ಲ. ಓದದ ನರ್ಸ್ ಜೊತೆ ನೈಟ್ ಡ್ಯೂಟಿ ಬಿದ್ದರೆ ಎಂಥ ಶಿಕ್ಷೆ ಅಂತ ಅನುಭವಿಸಿದವರಿಗೇ ಗೊತ್ತು. ನನ್ನ ತಕರಾರು ಬೇರೆ. ಒಂದು ಮಾರ್ಕೂ ಹೋಗಬಾರದು ಅನ್ನುವ ಹಟ ಈ ಮಕ್ಕಳಿಗೆ ತಪ್ಪು ಮುಚ್ಚಿಡುವುದನ್ನು ಕಲಿಸುತ್ತಿದೆ. ನಾವು ವಾರ್ಡಿನಲ್ಲಿ ಹೆದರುವುದು ತಪ್ಪು ಮಾಡುವವರಿಗಲ್ಲ, ಮುಚ್ಚಿಡುವವರಿಗೆ.

ಬಿಪಿ ನೋಡುವುದನ್ನೇ ತಗೊಳ್ಳಿ. ಹೊಸಬರಿಗೆ ಸ್ಟೆತ್‌ನಲ್ಲಿ ರಕ್ತ ಹರಿಯುವ ಸದ್ದು ಸರಿಯಾಗಿ ಕೇಳಿಸುವುದಿಲ್ಲ. ಅದು ಸಹಜ. "ಸಿಸ್ಟರ್, ನನಗೆ ಕೇಳಿಸಲಿಲ್ಲ, ನೀವೊಂದು ಸಲ ನೋಡ್ತೀರಾ?" ಅಂದರೆ ಎರಡು ನಿಮಿಷದ ಕೆಲಸ. ಆದರೆ ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಮೇಡಂ ನಿಂತಿರುತ್ತಾರೆ, ಇಂಟರ್ನಲ್ ಮಾರ್ಕ್ಸ್ ಅವರ ಕೈಯಲ್ಲಿರುತ್ತದೆ. ಆಗ ಏನಾಗುತ್ತದೆ? ಸಾಲಾಗಿ ಐದು ಬೆಡ್ಡಿಗೂ 120/80. ಐದು ಜನರಿಗೆ ಒಂದೇ ಬಿಪಿ ಇರುವ ವಾರ್ಡು ಯಾವ ಊರಲ್ಲಿದೆ ಹೇಳಿ! ಹೀಗೆ ಬರೆಯುವುದು ಸೋಮಾರಿ ಮಕ್ಕಳು ಮಾತ್ರ ಅಂದುಕೊಳ್ಳಬೇಡಿ. ಮೊದಲ ಬೆಂಚಿನವರೂ ಬರೆಯುತ್ತಾರೆ. ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬರುವುದೇ ಕಷ್ಟ.

ರೆಕಾರ್ಡ್ ಬುಕ್ಕಿನ ಕಥೆ ಇನ್ನೊಂದು. ಕೇರ್ ಪ್ಲಾನ್, ಅಂದರೆ ಒಬ್ಬ ರೋಗಿಯ ಆರೈಕೆಯ ಯೋಜನೆ, ಬರೆಯುವಾಗ ಒಂದು ಪದ ತಪ್ಪಿದರೆ ಇಡೀ ಹಾಳೆ ಹರಿದು ಹೊಸದಾಗಿ ಬರೆಯುತ್ತಾರೆ. ಹೆಡಿಂಗಿಗೆ ಕಪ್ಪು ಪೆನ್, ಸ್ಕೇಲಿಟ್ಟು ಎರಡು ಗೆರೆ, ಚಿತ್ರಕ್ಕೆ ಬಣ್ಣ. ರಾತ್ರಿ ಒಂದು ಗಂಟೆಯಾದರೂ ಹಾಸ್ಟೆಲಿನಲ್ಲಿ ಲೈಟು ಆರುವುದಿಲ್ಲ. ಬೆಳಿಗ್ಗೆ ನಿದ್ದೆಗಣ್ಣಲ್ಲೇ ವಾರ್ಡಿಗೆ ಬರುತ್ತಾರೆ. ಅದೇ ರೋಗಿಯ ನಿಜವಾದ ಕೇಸ್ ಶೀಟಿನಲ್ಲಿ ತಪ್ಪಾದರೆ ಏನು ಮಾಡಬೇಕು? ತಪ್ಪಿದ ಪದ ಓದಲು ಬರುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆಯಬೇಕು. ಸರಿಯಾದದ್ದು ಬರೆದು ಸಹಿ, ತಾರೀಕು, ಸಮಯ ಹಾಕಬೇಕು. ವೈಟ್ನರ್ ಹಚ್ಚುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಮುಂದಿನ ಶಿಫ್ಟಿನವರಿಗೆ ತಪ್ಪೂ ಕಾಣಬೇಕು, ತಿದ್ದಿದವರೂ ಗೊತ್ತಾಗಬೇಕು. ನಾಲ್ಕು ವರ್ಷ ಹಾಳೆ ಹರಿದು ಅಭ್ಯಾಸವಾದವರಿಗೆ ಕೆಲಸಕ್ಕೆ ಸೇರಿದ ಮೇಲೆ ಇದನ್ನು ಕಲಿಸುವುದು ಸುಲಭವಲ್ಲ.

ಹಟ ಬೇಕಾದ ಜಾಗಗಳು ನರ್ಸಿಂಗ್‌ನಲ್ಲಿ ಇವೆ. ಬೇಕೇ ಬೇಕು. 500 ಎಂಎಲ್ ಡ್ರಿಪ್ ಬಾಟಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು, ಅದರ ಟ್ಯೂಬಿನ ಸೆಟ್ಟಿನಲ್ಲಿ ಎಂಎಲ್‌ಗೆ 20 ಹನಿ. ಲೆಕ್ಕ ಹಾಕಿದರೆ ನಿಮಿಷಕ್ಕೆ 41.66 ಬರುತ್ತದೆ. ವಾರ್ಡಿನಲ್ಲಿ ನಾವು 42 ಇಡುತ್ತೇವೆ, ಹನಿಯನ್ನು ತುಂಡು ಮಾಡಿ ಬೀಳಿಸಲು ಆಗುವುದಿಲ್ಲವಲ್ಲ. ಪೇಪರಿನಲ್ಲಿ ಆ ದಶಮಾಂಶಕ್ಕೆ ಅರ್ಧ ಮಾರ್ಕ್ ಹೋದರೆ ಹೋಗಲಿ ಬಿಡಿ. ಆದರೆ ಕೈಯಲ್ಲಿರುವುದು ಎಂಎಲ್‌ಗೆ 60 ಸಣ್ಣ ಹನಿಯ ಮೈಕ್ರೋ ಸೆಟ್ ಅಂತ ನೋಡದೆ 42 ಇಟ್ಟರೆ, ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದ ಬಾಟಲಿ ಸುಮಾರು 12 ಗಂಟೆ ತಗೊಳ್ಳುತ್ತದೆ. ಇನ್ಸುಲಿನ್ ಇನ್ನೂ ಅಪಾಯ. ನಮ್ಮಲ್ಲಿ ಎಂಎಲ್‌ಗೆ 40 ಯೂನಿಟ್ಟಿನ ಬಾಟಲಿಯೂ ಇದೆ, 100ರದ್ದೂ ಇದೆ. ಸಿರಿಂಜಿನ ಕೆಂಪು ಕ್ಯಾಪ್ 40ಕ್ಕೆ, ಕಿತ್ತಳೆ ಕ್ಯಾಪ್ 100ಕ್ಕೆ. 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ರೋಗಿಗೆ ಹೋಗುವುದು 10 ಅಲ್ಲ, 25 ಯೂನಿಟ್. ನಿಮ್ಮ ಹಟವನ್ನೆಲ್ಲ ತಂದು ಇಲ್ಲಿ ಸುರಿಯಿರಿ. ಬೇಡ ಅನ್ನುವವರು ಯಾರೂ ಇಲ್ಲ.

ನಿಯಮ ಮಾಡಿದವರಿಗೂ ಈ ವ್ಯತ್ಯಾಸ ಗೊತ್ತಿದೆ ಅನಿಸುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಪ್ರಕಾರ ಪಾಸಾಗಲು ಶೇಕಡಾ 50 ಸಾಕು. ಪರೀಕ್ಷೆಗೆ ಕೂರಲು ಹಾಜರಾತಿ ಶೇಕಡಾ 80 ಇದ್ದರೆ ಆಯಿತು. ಆದರೆ ಡಿಗ್ರಿ ಕೈಗೆ ಬರಬೇಕಾದರೆ ಪ್ರಾಕ್ಟಿಕಲ್ ಹಾಜರಾತಿ ಶೇಕಡಾ 100 ಆಗಲೇಬೇಕು. ರೋಗಿಯ ಹತ್ತಿರ ಇರುವ ದಿನಗಳಲ್ಲಿ ರಿಯಾಯಿತಿ ಇಲ್ಲ.

ಮುಂದೆಯೂ ಅಷ್ಟೆ. ಎಂ.ಎಸ್ಸಿಗೆ ಕನಿಷ್ಠ ಶೇಕಡಾ 55 ಕೇಳುತ್ತಾರೆ, ಆದ್ದರಿಂದ ಮಾರ್ಕ್ಸಿಗೆ ಬೆಲೆಯೇ ಇಲ್ಲ ಅಂತ ಹೇಳಲಾರೆ. ಆದರೆ ಏಮ್ಸ್ ಆಸ್ಪತ್ರೆಗಳ ಕೆಲಸಕ್ಕೆ ನಾರ್‌ಸೆಟ್ ಅನ್ನುವ ನೇಮಕಾತಿ ಪರೀಕ್ಷೆ ಬರೆಯಲೇಬೇಕು, ಅಲ್ಲಿ ರ‍್ಯಾಂಕ್ ಆ ಪರೀಕ್ಷೆಯದ್ದು. ಅಮೆರಿಕಕ್ಕೆ ಹೋಗುವವರು ನರ್ಸ್ ಲೈಸೆನ್ಸಿಗಾಗಿ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಂತೂ ಮಾರ್ಕ್ಸೇ ಕೊಡುವುದಿಲ್ಲ. ಪಾಸ್ ಅಥವಾ ಫೇಲ್, ಮುಗೀತು.

ಹಾಗಾದರೆ ಈ ಹಟ ಬರುವುದು ಎಲ್ಲಿಂದ? ಎಷ್ಟೋ ಮಕ್ಕಳು ನೀಟ್‌ನಲ್ಲಿ ಎಂಬಿಬಿಎಸ್ ಸೀಟು ತಪ್ಪಿ ಇಲ್ಲಿಗೆ ಬಂದಿರುತ್ತಾರೆ. ಮದುವೆ ಮನೆಯಲ್ಲಿ ಯಾರೋ ಒಬ್ಬರು "ಓ, ಬರೀ ನರ್ಸಿಂಗಾ?" ಅಂದಿರುತ್ತಾರೆ. ಆ 'ಬರೀ' ಅನ್ನು ಓ ಗ್ರೇಡಿನಿಂದ ಅಳಿಸಲು ಹೊರಡುತ್ತಾರೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಶಾಲೆಗೇ ಮೊದಲು ಬಂದ ಹುಡುಗಿಗೆ ಮೊದಲ ಸೆಮಿಸ್ಟರಿನ ಅನಾಟಮಿಯಲ್ಲಿ 58 ಬಂದರೆ ತನ್ನ ಬುದ್ಧಿಯೇ ಹೋಯಿತು ಅನಿಸುತ್ತದೆ. ಹೋಗಿರುವುದಿಲ್ಲ. ಹೊಸ ಭಾಷೆ, ಹೊಸ ವಿಷಯ ಎರಡನ್ನೂ ಒಟ್ಟಿಗೆ ಹೊತ್ತಿರುತ್ತಾಳೆ ಅಷ್ಟೆ. ಜೊತೆಗೆ ಅಪ್ಪ ಮಾಡಿದ ಸಾಲ. ಆ ಸಾಲ ತೀರುವುದು ನಿಮ್ಮ ಸಂಬಳದಿಂದ ಕಣ್ರೋ, 84 ಇದ್ದದ್ದು 85 ಆಗುವುದರಿಂದಲ್ಲ.

ನನ್ನ ವಾರ್ಡಿಗೆ ಬರುವವರಿಗೆ ನಾನು ಹೇಳುವುದು ಸ್ವಲ್ಪವೇ. ರೆಕಾರ್ಡಿಗೆ ಒಂದು ಟೈಮ್ ಇಟ್ಟುಕೊಳ್ಳಿ, ಹನ್ನೊಂದಕ್ಕೆ ಮುಚ್ಚಿ. ಗೆರೆ ಸೊಟ್ಟಗಿದ್ದರೆ ಇರಲಿ, ನಿದ್ದೆಗೆಟ್ಟ ಕೈಯಲ್ಲಿ ಇಂಜೆಕ್ಷನ್ ಲೋಡ್ ಮಾಡುವುದು ಬೇಡ. ಪೇಪರ್ ವಾಪಸ್ ಬಂದಾಗ ಎಷ್ಟು ಹೋಯಿತು ಅಂತ ಎಣಿಸುವ ಮೊದಲು ಎಲ್ಲಿ ಹೋಯಿತು ಅಂತ ನೋಡಿ. ಡೋಸ್ ಲೆಕ್ಕದಲ್ಲಿ ಹೋಗಿದ್ದರೆ ಅವತ್ತೇ ಕೂತು ಕಲಿಯಿರಿ. ಡೆಫಿನಿಷನ್ನಿನ ಒಂದು ಸಾಲಲ್ಲಿ ಹೋಗಿದ್ದರೆ ಟೀ ಕುಡಿಯಲು ಹೋಗಿ. ರಿಸಲ್ಟ್ ದಿನ ಕ್ಲಾಸಿನ ವಾಟ್ಸಾಪ್ ಗ್ರೂಪ್ ಮ್ಯೂಟ್ ಮಾಡಿ. ದಿನಕ್ಕೆ ಒಮ್ಮೆಯಾದರೂ ಯಾರ ಹತ್ತಿರವಾದರೂ "ಗೊತ್ತಿಲ್ಲ, ತೋರಿಸಿಕೊಡಿ" ಅನ್ನಿ. ಮೊದಮೊದಲು ನಾಲಿಗೆ ಏಳುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ಇದು ಬರೀ ಬೇಜಾರಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕುವುದೇ ಬೇಡ ಅನಿಸುತ್ತಿದೆ ಅಂತಾದರೆ ನನ್ನ ಬುದ್ಧಿಮಾತು ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ. ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ, ಕನ್ನಡದಲ್ಲಿ ಮಾತಾಡಬಹುದು. ರೋಗಿಗೆ ಡಿಪ್ರೆಷನ್ ಇದ್ದರೆ ಏನು ಮಾಡಬೇಕು ಅಂತ ಸೈಕಿಯಾಟ್ರಿ ಪೇಪರಿನಲ್ಲಿ ಪುಟಗಟ್ಟಲೆ ಬರೆದವರೇ ಆಮೇಲೆ ತಮಗೆ ಬಂದಾಗ ಬಾಯಿ ಮುಚ್ಚಿಕೊಂಡು ಕೂರುತ್ತಾರೆ.

ಕೊನೆಯದು ಕಾಲೇಜಿನ ಮೇಡಂಗಳಿಗೆ, ಸರ್‌ಗಳಿಗೆ. ಎಕ್ಸ್‌ಟರ್ನಲ್ ಆಗಿ ಹೊರಗಿನಿಂದ ಬಂದ ಪರೀಕ್ಷಕರು ರೆಕಾರ್ಡ್ ನೋಡಿ ಏನಂತಾರೋ ಅನ್ನುವ ಭಯ ನಿಮಗೂ ಇರುತ್ತದೆ, ಅರ್ಥವಾಗುತ್ತದೆ. ಆದರೂ ಈ ಸೆಮಿಸ್ಟರಿನಿಂದ ಒಂದು ಕೆಲಸ ಮಾಡಿ. ತಪ್ಪಿದ ಪದಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದ ಹಾಳೆಯನ್ನು ರೆಕಾರ್ಡಿನಲ್ಲೂ ಒಪ್ಪಿಕೊಳ್ಳಿ. ಮಾರ್ಕ್ಸ್ ಕಳೆಯಬೇಡಿ. "ಬಿಪಿ ಕೇಳಿಸಲಿಲ್ಲ ಮೇಡಂ" ಅಂದ ಮಗುವಿಗೂ ಕಳೆಯಬೇಡಿ. ಐದು ಬೆಡ್ಡಿಗೂ 120/80 ಬರೆದವರಿದ್ದಾರಲ್ಲ, ಅಲ್ಲಿ ಕಳೆಯಿರಿ.